ಕೋಳಿ ಮರಿಯನ್ನು ಮುಗಿಸಬೇಕಾಯಿತು. ಎರಡೂವರೆ ದಿನ ಕಾದೆ ಅನ್ನೋದೇ ಕೊರೆಯುತ್ತಿದೆ

ಹೆತ್ತೂರು ಕಡೆಯವಳು | ಭಾನುವಾರ ರಾತ್ರಿ 10.40

ನಾನು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯವಳು. ಮನೆಯಲ್ಲಿ ಹತ್ತು ಹನ್ನೆರಡು ನಾಟಿ ಕೋಳಿ ಇವೆ. ವ್ಯಾಪಾರಕ್ಕಲ್ಲ, ಮನೆಗೆ ಮೊಟ್ಟೆ ಆಗಲಿ ಅಂತ. ಈ ಸಲ ಕಪ್ಪು ಹೇಂಟೆಯನ್ನು 16 ಮೊಟ್ಟೆಗೆ ಕಾವು ಕೂರಿಸಿದ್ದೆ. ಬುಧವಾರಕ್ಕೆ 21 ದಿನ. ಅವತ್ತು 14 ಮರಿ ಒಡೆದುಕೊಂಡು ಬಂದವು. ಒಂದು ಮೊಟ್ಟೆ ಕೊಳೆತಿತ್ತು. ಇನ್ನೊಂದರಲ್ಲಿ ಮರಿ ತೂತು ಮಾಡಿ ಒಳಗಿಂದಲೇ ಕೂಗುತ್ತಿತ್ತು, ಹೊರಗೆ ಬರಲಿಲ್ಲ. ಗುರುವಾರ ಸಂಜೆವರೆಗೆ ನೋಡಿದೆ. ಕೂಗು ಸಣ್ಣದಾಗುತ್ತಾ ಬಂತು. ತಡೆಯಲಾಗದೆ ನಾನೇ ಉಗುರಿನಲ್ಲಿ ಸಿಪ್ಪೆ ಬಿಡಿಸಿದೆ.

ಹೊಟ್ಟೆ ಉಬ್ಬಿತ್ತು. ಹೊಕ್ಕುಳ ಮುಚ್ಚಿರಲಿಲ್ಲ. ಅಲ್ಲಿ ಕಾಳುಮೆಣಸಿನಷ್ಟು ಕಪ್ಪು ಗಂಟು, ಸುತ್ತ ಒದ್ದೆ. ಮರಿಗೆ ನಿಲ್ಲಲು ಆಗುತ್ತಿರಲಿಲ್ಲ. ಹೇಂಟೆ ಅದನ್ನು ರೆಕ್ಕೆ ಕೆಳಗೆ ಸೇರಿಸಲೇ ಇಲ್ಲ, ಕೊಕ್ಕಿನಲ್ಲಿ ಪಕ್ಕಕ್ಕೆ ದೂಡಿತು. ರಟ್ಟಿನ ಡಬ್ಬದಲ್ಲಿ ಹಳೇ ಪಂಚೆ ಹಾಸಿ ಬಲ್ಬ್ ಕೆಳಗೆ ಇಟ್ಟೆ. ಮಳೆ ಹಿಡಿದರೆ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ. ರಾತ್ರಿ ಹೋದದ್ದು ಬರಲೇ ಇಲ್ಲ. ಆಮೇಲೆ ಮಂಕರಿಗೆ ಹಾಕಿ ಒಲೆ ಪಕ್ಕ ಇಟ್ಟುಕೊಂಡು ಕೂತೆ. ಗ್ಲೂಕೋಸ್ ನೀರನ್ನು ಕೊಕ್ಕಿನ ತುದಿಗೆ ಹನಿ ಹನಿ ಬಿಟ್ಟೆ. ಶುಕ್ರವಾರ ಮೂರು ಹನಿ ಕುಡಿಯಿತು. ಆ ಮೂರು ಹನಿಯನ್ನೇ ನೆಚ್ಚಿಕೊಂಡು ಶನಿವಾರ ಪೂರ್ತಿ ಕಾದೆ.

ಶನಿವಾರ ಕುಡಿಯಲಿಲ್ಲ. ಬಾಯಿ ತೆರೆದು ಉಸಿರಾಡುತ್ತಿತ್ತು. ವಾಸನೆ ಬರಲು ಶುರುವಾಗಿತ್ತು. ಮಾವ ಎರಡು ಸಲ ಹೇಳಿದರು, "ಅದು ಉಳಿಯಲ್ಲ ಕಣಮ್ಮ, ನರಳಿಸಬೇಡ." ನಾನು "ನಾಳೆವರೆಗೆ ನೋಡೋಣ ಮಾವ" ಅಂದೆ. ಭಾನುವಾರ ಬೆಳಗ್ಗೆ ಎದ್ದು ನೋಡಿದರೆ ಹೊಕ್ಕುಳಿಗೆ ಇರುವೆ ಹತ್ತಿವೆ. ಸಣ್ಣ ಕೆಂಪು ಇರುವೆ. ಮರಿಗೆ ಇನ್ನೂ ಜೀವ ಇದೆ. ಒಂದು ಕಾಲು ಮಾತ್ರ ಅಷ್ಟಷ್ಟೇ ಆಡುತ್ತಿದೆ. ಒಂದೊಂದಾಗಿ ಇರುವೆ ತೆಗೆಯುತ್ತಾ ಕೂತೆ. ಎಷ್ಟು ತೆಗೆದರೂ ತುಪ್ಪಳದ ಒಳಗಿಂದ ಇನ್ನೊಂದು ಬರುತ್ತಿತ್ತು.

ಮಾವ ಏನೂ ಹೇಳಲಿಲ್ಲ. ಕೈ ಚಾಚಿದರು. ಕೊಟ್ಟೆ. ಅವರು ಕೊಟ್ಟಿಗೆ ಹಿಂದೆ ಹೋದರು. ನಾನು ಬಾವಿ ಹತ್ತಿರ ಹೋಗಿ ಸುಮ್ನೆ ಕೊಡ ತುಂಬಿಸಿದೆ. ತುಂಬಿದ ಕೊಡಕ್ಕೇ ಮತ್ತೆ ನೀರು ಸುರಿದೆ. ಅವರು ಬಂದು ಕೈ ತೊಳೆದುಕೊಂಡು ಒಳಗೆ ಹೋದರು.

ಬೆಳಗ್ಗಿನಿಂದ ಅಳು ನಿಲ್ಲುತ್ತಿಲ್ಲ. ಪಕ್ಕದ ಮನೆಯವರು "ಕೋಳಿ ಮರಿ ತಾನೇ, ಇನ್ನೂ 14 ಇವೆಯಲ್ಲ" ಅಂದರು. ಅವರು ಕೆಟ್ಟವರಲ್ಲ, ಸಮಾಧಾನಕ್ಕೇ ಹೇಳಿದ್ದು. ಹೊಸತೊಡಕಿಗೆ ಹುಂಜ ಕುಯ್ಯುವ ಮನೆ ನಮ್ಮದು. ಸಾರು ಮಾಡುವವಳೂ ನಾನೇ. ಹಾಗಿರುವಾಗ ಅಂಗೈ ತುಂಬದ ಒಂದು ಮರಿಗೆ ಯಾಕಿಷ್ಟು ಸಂಕಟ ಅಂತ ನನಗೇ ಅರ್ಥವಾಗುತ್ತಿಲ್ಲ. ಮುಗಿಸಿದ್ದು ತಪ್ಪು ಅನ್ನಿಸುತ್ತಿಲ್ಲ. ಶನಿವಾರ ಬೆಳಗ್ಗೆಯೇ ಯಾಕೆ ಕೊಡಲಿಲ್ಲ ಅನ್ನಿಸುತ್ತಿದೆ. ಸಿಪ್ಪೆ ಬಿಡಿಸಿದ್ದೇ ತಪ್ಪಾಯಿತಾ ಅನ್ನೋದು ಬೇರೆ. ನಿಮಗೆ ಯಾರಿಗಾದರೂ ಹೀಗಾಗಿದೆಯಾ? ಆಮೇಲೆ ಏನು ಮಾಡಿದಿರಿ?

ಬೇಲೂರು ಟೀಚರ್ | ಭಾನುವಾರ ರಾತ್ರಿ 11.15

ಅಕ್ಕ, ಓದಿ ನನಗೂ ಅಳು ಬಂತು. ಮೊದಲು ಹೋಗಿ ಏನಾದರೂ ಊಟ ಮಾಡಿ ಮಲಗಿ. ಬೆಳಗ್ಗಿನಿಂದ ಏನೂ ತಿಂದಿರಲ್ಲ ನೀವು, ನನಗೆ ಗೊತ್ತು.

ಸಾರು ಮಾಡುವ ಕೈಗೆ ಅಳು ಯಾಕೆ ಅಂದಿರಲ್ಲ. ಹೊಸತೊಡಕಿನ ಹುಂಜವನ್ನು ನೀವು ರಾತ್ರಿಯೆಲ್ಲ ಒಲೆ ಪಕ್ಕ ಇಟ್ಟುಕೊಂಡು ಕಾದಿರಲಿಲ್ಲ ಅಲ್ವಾ? ಇದನ್ನು ಉಳಿಸಲು ನೋಡಿದಿರಿ. ಉಳಿಸಲು ನೋಡಿದ್ದು ಕೈಯಲ್ಲೇ ಹೋದರೆ ನೋವಾಗುತ್ತದೆ. ಅದಕ್ಕೆ ಯಾರ ಹತ್ತಿರವೂ ಕಾರಣ ಕೊಡಬೇಕಾಗಿಲ್ಲ.

ನನ್ನದೂ ಒಂದು ಇದೆ. ನಾಳೆ ಬರೆಯುತ್ತೇನೆ.

ನಿವೃತ್ತ ಪಶುವೈದ್ಯ, ಹಾಸನ | ಸೋಮವಾರ ಬೆಳಗ್ಗೆ 6.20

ತಾಯಿ, ಸಿಪ್ಪೆ ಬಿಡಿಸಿದ್ದು ತಪ್ಪಾ ಅನ್ನುವ ನಿಮ್ಮ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಅದು ಮನಸ್ಸಿನಲ್ಲಿ ಉಳಿದರೆ ಬೇರೆ ಯಾವ ಸಮಾಧಾನವೂ ಹತ್ತುವುದಿಲ್ಲ.

ಮರಿ ಮೊಟ್ಟೆಗೆ ತೂತು ಮಾಡಿದ ಮೇಲೆ ಹೊರಬರಲು ಒಂದು ದಿನದವರೆಗೂ ತೆಗೆದುಕೊಳ್ಳುವುದುಂಟು. ನಮಗೆ ಅದು ಸುಮ್ಮನೆ ಮಲಗಿದಂತೆ ಕಾಣುತ್ತದೆ. ಆ ಹೊತ್ತಿನಲ್ಲಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಪೊರೆಯ ರಕ್ತನಾಳಗಳು ಒಣಗುತ್ತಿರುತ್ತವೆ. ಆ ಹಳದಿಯೇ ಮರಿಗೆ ಮೊದಲ ಎರಡು ಮೂರು ದಿನದ ಊಟ. ಬೇಗ ಸಿಪ್ಪೆ ಬಿಡಿಸಿದರೆ ಈ ಕೆಲಸ ಅರ್ಧಕ್ಕೆ ನಿಲ್ಲಬಹುದು, ರಕ್ತವೂ ಬರಬಹುದು. ಆದರೆ ನಿಮ್ಮ ಮರಿ ಒಂದು ದಿನದ ಮೇಲೆ ಕೂಗಿ ಕೂಗಿ ಸೋತಿತ್ತು. ನೀವು ಬಿಡಿಸದಿದ್ದರೆ ಒಳಗೇ ಸಾಯುತ್ತಿತ್ತು. ಹೊಕ್ಕುಳ ಒದ್ದೆ, ಕಪ್ಪು ಗಂಟು, ಉಬ್ಬಿದ ಹೊಟ್ಟೆ, ವಾಸನೆ, ಇದು ಹೊಕ್ಕುಳ ಸೋಂಕು. ಗಲೀಜಾದ ಮೊಟ್ಟೆ ಅಥವಾ ಒದ್ದೆ ಹುಲ್ಲಿನಿಂದ ಸೂಕ್ಷ್ಮಾಣು ಒಳಗೆ ಹೋಗಿರುತ್ತದೆ. ಮಳೆಗಾಲದಲ್ಲಿ ಇದು ಜಾಸ್ತಿ. ಆ ಹಂತಕ್ಕೆ ಬಂದ ಮರಿಯನ್ನು ನನ್ನ ಕೈಗೆ ತಂದುಕೊಟ್ಟಿದ್ದರೂ ನಾನು ಮಾಡುತ್ತಿದ್ದದ್ದು ನಿಮ್ಮ ಮಾವ ಮಾಡಿದ್ದನ್ನೇ. ಮುಂದಿನ ಸಲ ಕಾವಿಗೆ ಕೂರಿಸುವಾಗ ಹಿಕ್ಕೆ ಮೆತ್ತಿದ ಮೊಟ್ಟೆ ಇಡಬೇಡಿ. ಹುಲ್ಲು ಒಣಗಿದ್ದು ಹಾಕಿ. ಅಷ್ಟು ಸಾಕು.

ಇನ್ನು ಕಾದದ್ದರ ಬಗ್ಗೆ. ಕೆಲವು ಮರಿಗೆ ಕಾಯಲೇಬೇಕು, ಕೆಲವಕ್ಕೆ ಕಾಯಬಾರದು. ಆ ವ್ಯತ್ಯಾಸ ಗೊತ್ತಿಲ್ಲದ್ದಕ್ಕೇ ಜನ ಎರಡೂ ಕಡೆ ತಪ್ಪು ಮಾಡುತ್ತಾರೆ. ಕಾಲು ಎರಡು ಕಡೆಗೆ ಜಾರುವ ಮರಿಯನ್ನು ನೋಡಿ "ಇದು ಆಗಲ್ಲ" ಅಂತ ಎಸೆದವರನ್ನು ಕಂಡಿದ್ದೇನೆ. ಹುಟ್ಟಿದ ಎರಡು ಮೂರು ದಿನದೊಳಗೆ ಎರಡೂ ಕಾಲನ್ನು ಅದರ ಮೈ ಅಗಲಕ್ಕೆ ಸರಿಯಾಗಿ ಉಲ್ಲನ್ ದಾರದಲ್ಲೋ ಬ್ಯಾಂಡ್‌ಏಡ್‌ನಲ್ಲೋ ಸಡಿಲವಾಗಿ ಕಟ್ಟಿ, ಜಾರದ ಗೋಣಿ ತಾಟಿನ ಮೇಲೆ ಬಿಟ್ಟರೆ ಎಷ್ಟೋ ಮರಿ ನಾಲ್ಕೈದು ದಿನದಲ್ಲಿ ನಡೆಯುತ್ತವೆ. ಹಿಂಭಾಗಕ್ಕೆ ಹಿಕ್ಕೆ ಗಟ್ಟಿಯಾಗಿ ಅಂಟಿದರೆ ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ನೆನೆಸಿ ತೆಗೆದರಾಯಿತು. ಬೆರಳು ಒಳಕ್ಕೆ ಮಡಚಿಕೊಂಡರೆ ಬಿ2 ಜೀವಸತ್ವದ ಕೊರತೆ ಇರಬಹುದು, ಬೇಗ ಕೊಟ್ಟರೆ ಸುಧಾರಿಸುತ್ತದೆ. ರಕ್ತಭೇದಿಗೂ ಔಷಧಿ ಇದೆ. ಕತ್ತು ತಿರುಚಿದ್ದೆಲ್ಲ ಕೊಕ್ಕರೆ ರೋಗ (ರಾಣಿಖೇತ್) ಅಲ್ಲ, ಜೀವಸತ್ವದ ಕೊರತೆಯಿಂದಲೂ ಆಗುತ್ತದೆ, ಹಾಗಾಗಿ ತೋರಿಸದೆ ತೀರ್ಮಾನ ಬೇಡ. ಆದರೆ ವಾಸನೆ ಹೊಡೆಯುವ ಹೊಕ್ಕುಳ, ಹೊರಬಂದ ಕರುಳು, ನಾಯಿಯೋ ಮುಂಗುಸಿಯೋ ಕಚ್ಚಿ ಬೆನ್ನು ಮುರಿದದ್ದು, ಇವಕ್ಕೆ ಕಾದರೆ ಸಿಗುವುದು ಇನ್ನಷ್ಟು ನರಳಾಟ. ಬೆಳೆದ ಕೋಳಿಯಲ್ಲಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬೀಳುವ ಮಾರೆಕ್ಸ್ ರೋಗ ಕೂಡ ಹಾಗೆಯೇ. ಅದಕ್ಕೆ ಮೊದಲ ದಿನದ ಲಸಿಕೆ ಇದೆ, ಔಷಧಿ ಇಲ್ಲ.

ಅನುಮಾನ ಬಂದಾಗ ನಾನು ಒಂದನ್ನು ನೋಡುತ್ತಿದ್ದೆ. ಮುಂದೆ ಹಿಡಿ ನುಚ್ಚು ಹಾಕಿದರೆ ಅದರ ಕಣ್ಣು ಕಾಳಿನ ಕಡೆ ಹೋಗುತ್ತದಾ? ಬಿದ್ದರೂ ಸರಿ, ತೆವಳಿದರೂ ಸರಿ, ಕಣ್ಣು ಹೋದರೆ ಇನ್ನೊಂದು ದಿನ ಕೊಡುತ್ತಿದ್ದೆ.

ಅರಸೀಕೆರೆ ಫಾರಂ | ಸೋಮವಾರ ಬೆಳಗ್ಗೆ 9.05

ನಮ್ಮದು 5000 ಬ್ರಾಯ್ಲರ್ ಶೆಡ್. ಕಂಪನಿಯವರು ಮರಿ, ಫೀಡು ಕೊಡುತ್ತಾರೆ, ನಾವು 40 ದಿನದ ಆಸುಪಾಸು ಸಾಕಿ ಕೊಡುತ್ತೇವೆ. ಮೊದಲ ವಾರ ದಿನಾ ಬೆಳಗ್ಗೆ ಶೆಡ್ ಸುತ್ತಿ ಸತ್ತದ್ದು ಎತ್ತಬೇಕು, ಆಗದ್ದನ್ನು ಮುಗಿಸಬೇಕು. ಒಂದು ದಿನ ನಾಲ್ಕು, ಒಂದು ದಿನ ಹದಿನೈದು. ಆರು ವರ್ಷದಿಂದ ಮಾಡುತ್ತಿದ್ದೇನೆ.

ಅಕ್ಕ, ನಿಮ್ಮ ತರಹ ಅಳು ಬರುವುದು ನನಗೆ ಎರಡನೇ ಬ್ಯಾಚಿಗೇ ನಿಂತುಹೋಗಿತ್ತು. ಗಟ್ಟಿಯಾದೆ ಅಂದುಕೊಂಡಿದ್ದೆ. ಒಂದು ದಿನ ಫೋನ್‌ನಲ್ಲಿ ಮಾತಾಡುತ್ತಾ ಮಾತಾಡುತ್ತಾ ಮೂರು ಮರಿ ಮುಗಿಸಿ ಬಕೆಟ್‌ಗೆ ಹಾಕಿದ್ದೆ. ನಾಲ್ಕನೆಯದನ್ನು ಎತ್ತಿದಾಗ ನನ್ನ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದು ಮರಿಯನ್ನಲ್ಲ, ನನ್ನ ಮುಖವನ್ನು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಕೆಲವು ಬದಲಾವಣೆ ಮಾಡಿಕೊಂಡೆ. ಆ ಕೆಲಸ ಮಾಡುವಾಗ ಫೋನ್ ಹೊರಗಿಡುತ್ತೇನೆ. ಕಾಫಿ ಕುಡಿಯುವ ಮೊದಲೇ ಮುಗಿಸುತ್ತೇನೆ, ಮುಂದಕ್ಕೆ ಹಾಕಲ್ಲ, ಹಾಕಿದರೆ ಆ ಮರಿ ಮಧ್ಯಾಹ್ನದವರೆಗೂ ತುಳಿಸಿಕೊಳ್ಳುತ್ತಾ ಬಿದ್ದಿರುತ್ತದೆ. ನಾನೂ ನನ್ನ ತಮ್ಮನೂ ದಿನ ಬಿಟ್ಟು ದಿನ ಮಾಡುತ್ತೇವೆ. ದಿನಾ ಒಬ್ಬನೇ ಮಾಡಿದರೆ ಮನುಷ್ಯ ಮರಗಟ್ಟಿ ಹೋಗುತ್ತಾನೆ.

ಇನ್ನೊಂದು. ಕಂಪನಿ ಕಾರ್ಡಿನಲ್ಲಿ ಸತ್ತದ್ದು ಎಷ್ಟು ಅಂತ ಬರೀ ಲೆಕ್ಕ ಬರೆಯಬೇಕು. ನಾನು ಪಕ್ಕದಲ್ಲಿ ಕಾರಣ ಬರೆಯಲು ಶುರು ಮಾಡಿದೆ. ಹೊಕ್ಕುಳ, ಕಾಲು, ತುಳಿತ, ಚಳಿ ಹೀಗೆ. ಎರಡು ಬ್ಯಾಚ್ ಬರೆದ ಮೇಲೆ ಗೊತ್ತಾಯಿತು, ಕಾಲು ಜಾರಿದ ಮರಿ ಜಾಸ್ತಿ ಸಿಗುತ್ತಿದ್ದದ್ದು ನೀರಿನ ಡ್ರಿಂಕರ್ ಹತ್ತಿರದ ಮೂಲೆಯಲ್ಲಿ. ಹೊಟ್ಟಿನ ಮೇಲೆ ಪೇಪರ್ ಹಾಸುತ್ತೇವಲ್ಲ, ಅದು ನೀರು ಬಿದ್ದು ಜಾರುತ್ತಿತ್ತು. ಈಗ ಪೇಪರನ್ನು ಬೇಗ ತೆಗೆಯುತ್ತೇನೆ, ಡ್ರಿಂಕರ್ ಕೆಳಗೆ ಇಟ್ಟಿಗೆ ಇಡುತ್ತೇನೆ. ಆ ಮೂಲೆಯಲ್ಲಿ ನಾನು ಎತ್ತುವ ಮರಿ ಕಡಿಮೆಯಾಯಿತು. ಯಾವ ಸಮಾಧಾನದ ಮಾತಿಗಿಂತ ಅದು ನನಗೆ ಜಾಸ್ತಿ ಕೆಲಸ ಮಾಡಿತು.

ಕಡೂರು ಹುಡುಗ | ಸೋಮವಾರ ಮಧ್ಯಾಹ್ನ 1.30

ಇದನ್ನು ನಾನು ಯಾರಿಗೂ ಹೇಳಿಲ್ಲ. ಇಲ್ಲಿ ಹೇಳಬಹುದು ಅನ್ನಿಸಿತು.

ಹೋದ ವರ್ಷ ಗಿರಿರಾಜ ತಳಿಯ ಮರಿ 50 ತಂದಿದ್ದೆ. ಒಂದಕ್ಕೆ ಬೆನ್ನಿನ ಮೇಲೆ ಬೇರೆ ಮರಿಗಳು ಕುಕ್ಕಿ ಕುಕ್ಕಿ ಮಾಂಸ ಕಾಣುತ್ತಿತ್ತು, ಹುಳ ಬಿದ್ದಿತ್ತು. ಮುಗಿಸೋಣ ಅಂತ ನಾನೇ ಹಿಡಿದೆ. ಕೈ ನಡುಗಿತು. ಅರ್ಧ ಮಾಡಿ ಬಿಟ್ಟೆ. ಅದು ಕೂಗಿತು. ಇನ್ನೊಂದು ಸಲ ಮಾಡಲು ಧೈರ್ಯ ಬರಲು ಒಂದು ನಿಮಿಷ ಬೇಕಾಯಿತು. ಆ ಒಂದು ನಿಮಿಷ ಈಗಲೂ ಇದೆ ನನ್ನ ಹತ್ತಿರ. ಸತ್ತ ಮೇಲೂ ರೆಕ್ಕೆ ಬಡಿಯುತ್ತಲೇ ಇತ್ತು, ಸತ್ತಿದೆಯೋ ಇಲ್ಲವೋ ಗೊತ್ತಾಗದೆ ಓಡಿಹೋದೆ.

ಆಮೇಲೆ ಕೋಳಿಯನ್ನೇ ಬಿಟ್ಟೆ. ಗೂಡು ಖಾಲಿ ಇದೆ. ಮತ್ತೆ ಸಾಕಬೇಕು ಅಂತ ಆಸೆ ಇದೆ, ಆದರೆ ಆ ಹೊತ್ತು ಮತ್ತೆ ಬರುತ್ತದೆ ಅಲ್ವಾ ಅನ್ನಿಸಿ ಸುಮ್ಮನಾಗುತ್ತೇನೆ.

ನಿವೃತ್ತ ಪಶುವೈದ್ಯ, ಹಾಸನ | ಸೋಮವಾರ ಮಧ್ಯಾಹ್ನ 3.10

ತಮ್ಮಾ, ನೀನು ಕ್ರೂರಿಯಲ್ಲ. ನಿನಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ. ಕಾಲೇಜಿನಲ್ಲಿ ನಮಗೂ ಮೊದಲು ಸತ್ತ ಕೋಳಿಯ ಮೇಲೆಯೇ ಕೈ ಪಳಗಿಸಿದ್ದು. ಯಾರೂ ಬದುಕಿದ ಜೀವದ ಮೇಲೆ ಮೊದಲ ಸಲ ಪ್ರಯತ್ನ ಮಾಡಬಾರದು.

ರೆಕ್ಕೆ ಬಡಿದದ್ದು ನೋವಿನಿಂದಲ್ಲ. ಕತ್ತಿನ ನರ ತುಂಡಾದ ಮೇಲೆ ಮಿದುಳಿನ ಹಿಡಿತ ತಪ್ಪಿ ಸ್ನಾಯು ತಾನೇ ಬಡಿಯುತ್ತದೆ. ಒಂದೆರಡು ನಿಮಿಷ ಇರಬಹುದು. ಇದು ಮೊದಲೇ ಗೊತ್ತಿದ್ದರೆ ನೀನು ಓಡುತ್ತಿರಲಿಲ್ಲ. ಜೀವ ಹೋಗಿದೆ ಅನ್ನೋದಕ್ಕೆ ಉಸಿರು ನಿಂತಿರಬೇಕು, ಕಣ್ಣಗುಡ್ಡೆಯನ್ನು ಬೆರಳ ತುದಿಯಲ್ಲಿ ಮುಟ್ಟಿದರೆ ರೆಪ್ಪೆ ಮಿಟುಕಬಾರದು. ಅದನ್ನು ನೋಡಿ, ಇನ್ನೂ ಸ್ವಲ್ಪ ಹೊತ್ತು ಕಾದೇ ಹೂಳಬೇಕು.

ಇಲ್ಲಿ ಓದುವ ಎಲ್ಲರಿಗೂ ಹೇಳುತ್ತೇನೆ. ಕೈ ಪಳಗಿದವರು ಒಂದೇ ಸಲಕ್ಕೆ ಕತ್ತು ಎಳೆದು ಬೇರ್ಪಡಿಸುವುದು ಒಪ್ಪಿತ ಕ್ರಮ, ಬೇಗ ಮುಗಿಯುತ್ತದೆ. ನಿಮ್ಮ ಕೈಗೆ ಆಗುವುದಿಲ್ಲ ಅನ್ನಿಸಿದರೆ ಹತ್ತಿರದ ಪಶು ಆಸ್ಪತ್ರೆಗೆ ತನ್ನಿ. ಹೋಗಲು ದಾರಿ ಕಾಣದಿದ್ದರೆ ಇಲಾಖೆಯ ಸಹಾಯವಾಣಿ 1962 ಇದೆ. ಬಕೆಟ್ ನೀರಿನಲ್ಲಿ ಮುಳುಗಿಸುವುದು, ಫ್ರಿಜ್ಜಿನಲ್ಲಿಡುವುದು, ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟುವುದು, ಕಾಗೆ ಕೊಂಡೊಯ್ಯಲಿ ಅಂತ ಬಯಲಿಗೆ ಬಿಡುವುದು, ಇವೆಲ್ಲ ನಮ್ಮ ಕೈಗೆ ಸುಲಭ, ಮರಿಗೆ ಕಷ್ಟ. ದಯವಿಟ್ಟು ಮಾಡಬೇಡಿ.

ಹೂಳುವಾಗ ಎರಡಡಿ ಆಳ ತೋಡಿ, ಮೇಲೆ ಸುಣ್ಣ ಹಾಕಿ. ಬಾವಿ, ಹಳ್ಳದಿಂದ ದೂರ ಇರಲಿ. ಒಂದೇ ಸಮನೆ ಹಲವು ಕೋಳಿ ಸಾಯುತ್ತಿದ್ದರೆ ಮಾತ್ರ ನೀವೇ ಹೂತು ಮುಗಿಸಬೇಡಿ, ಮೊದಲು ಪಶು ಆಸ್ಪತ್ರೆಗೆ ತಿಳಿಸಿ.

ತಮ್ಮಾ, ಗೂಡು ಖಾಲಿ ಬಿಡಬೇಡ. ನಿಮ್ಮೂರಲ್ಲಿ ಕೈ ಪಳಗಿದ ಒಬ್ಬರನ್ನು ಮೊದಲು ಗೊತ್ತು ಮಾಡಿಕೋ. ಆಮೇಲೆ ಐದೇ ಮರಿ ತಾ.

ಕೊಪ್ಪದ ಗೂಡು | ಸೋಮವಾರ ಸಂಜೆ 5.45

ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಮನಸ್ಸಿನಲ್ಲಿರೋದನ್ನು ಹೇಳುತ್ತೇನೆ.

ನಮ್ಮ ಮನೆಯಲ್ಲಿ ಒಂದು ಮರಿಗೆ ಹುಟ್ಟುವಾಗಲೇ ಒಂದು ಕಾಲು ಸೊಟ್ಟ. ಎಲ್ಲರೂ ಮುಗಿಸು ಅಂದರು. ನಾನು ಬಿಡಲಿಲ್ಲ. ಬುಟ್ಟಿಯಲ್ಲಿಟ್ಟು ಸಾಕಿದೆ. ಒಂದೇ ಕಾಲಿನಲ್ಲಿ ಕುಪ್ಪಳಿಸಿಕೊಂಡು ಎರಡು ವರ್ಷ ಇತ್ತು. ಮೊಟ್ಟೆಯೂ ಇಟ್ಟಿತು. ಮಳೆ ಬಂದರೆ ಅಡುಗೆಮನೆ ಹೊಸ್ತಿಲ ಹತ್ತಿರ ಬಂದು ಕರೆಯುತ್ತಿತ್ತು. ಅವತ್ತು ಮುಗಿಸಿದ್ದರೆ ಆ ಎರಡು ವರ್ಷ ಯಾರು ಕೊಡುತ್ತಿದ್ದರು? ಜೀವ ಕೊಟ್ಟವನು ಬೇಕಾದಾಗ ತಗೊಳ್ಳಲಿ. ನಮಗ್ಯಾಕೆ ಆ ಅಧಿಕಾರ?

ಅರಸೀಕೆರೆ ಫಾರಂ | ಸೋಮವಾರ ಸಂಜೆ 6.30

ಅಕ್ಕ, ನಿಮ್ಮ ಮರಿ ಬಗ್ಗೆ ಓದಿ ಖುಷಿಯಾಯಿತು. 5000 ಮರಿ ಶೆಡ್ಡಿನಲ್ಲಿ ಹಾಗೆ ಸಾಕಲು ನನಗೆ ಆಗಲ್ಲ, ಅದು ನನಗೆ ನೋವೇ. ನಿಮ್ಮ ಮರಿಗೆ ಕಾಲು ಸೊಟ್ಟ ಇತ್ತು, ಆದರೆ ತಿನ್ನುತ್ತಿತ್ತು, ಕರೆಯುತ್ತಿತ್ತು. ಹೆತ್ತೂರು ಅಕ್ಕನ ಮರಿಗೆ ಇರುವೆ ಹತ್ತಿತ್ತು. ಡಾಕ್ಟ್ರು ಕಾಳಿನ ಕಡೆ ಕಣ್ಣು ಹೋಗುತ್ತದಾ ಅಂದರಲ್ಲ, ನಿಮ್ಮದರ ಕಣ್ಣು ಹೋಗುತ್ತಿತ್ತು.

ಕೊಪ್ಪದ ಗೂಡು | ಸೋಮವಾರ ಸಂಜೆ 7.10

ಹೌದು, ಹೋಗುತ್ತಿತ್ತು. ಇರುವೆಯದ್ದನ್ನು ಓದುವಾಗ ನನಗೂ ಮೈ ಜುಂ ಅಂದಿತು. ನಾನಾಗಿದ್ದರೆ ಏನು ಮಾಡುತ್ತಿದ್ದೆ ಗೊತ್ತಿಲ್ಲ. ನನ್ನ ಕೈಯಿಂದ ಆಗುತ್ತಿರಲಿಲ್ಲ. ಆದರೆ ಆ ಮಾವನನ್ನು ಪಾಪಿ ಅಂತ ಹೇಳಲು ನನ್ನ ಬಾಯಿ ಬರುತ್ತಿಲ್ಲ. ಮೊದಲು ಬರೆದದ್ದರಲ್ಲಿ ಹಾಗೆ ಕೇಳಿಸಿದ್ದರೆ ಕ್ಷಮಿಸಿ ಅಕ್ಕ.

ಬೇಲೂರು ಟೀಚರ್ | ಸೋಮವಾರ ರಾತ್ರಿ 8.20

ನಿನ್ನೆ ಹೇಳಿದ್ದೆನಲ್ಲ. ಎರಡು ವರ್ಷದ ಹಿಂದೆ ನನ್ನ ಮಗನಿಗೆ ಏಳು ವರ್ಷ. ಜಾತ್ರೆಯಲ್ಲಿ ಬಣ್ಣ ಹಾಕಿದ ಮರಿ ಮಾರುತ್ತಾರಲ್ಲ, ಗುಲಾಬಿ, ಹಸಿರು. ಹಟ ಮಾಡಿ ಗುಲಾಬಿ ಮರಿ ಕೊಡಿಸಿಕೊಂಡ. ಕವರಿನಲ್ಲಿ ಹಾಕಿ ಕೊಟ್ಟರು. ಆಮೇಲೆ ಗೊತ್ತಾಯಿತು, ಮೊದಲ ವಾರ ಅವಕ್ಕೆ 35 ಡಿಗ್ರಿ ಹತ್ತಿರ ಬಿಸಿ ಬೇಕು. ನಾವು ಸಂಜೆಯ ಥಂಡಿಯಲ್ಲಿ ಸ್ಕೂಟರಿನಲ್ಲಿ ತಂದಿದ್ದೆವು. ಮಾರನೇ ದಿನ ಮೂಲೆಯಲ್ಲಿ ತಲೆ ನೆಲಕ್ಕೆ ಹಚ್ಚಿ ಬಿದ್ದಿತ್ತು. ಪಶು ಆಸ್ಪತ್ರೆಗೆ ಒಯ್ದೆ. ಅವರು ನೋಡಿ, "ಉಳಿಯಲ್ಲಮ್ಮ, ಬಿಟ್ಟು ಹೋಗಿ, ನಾವು ನೋಡಿಕೊಳ್ಳುತ್ತೇವೆ" ಅಂದರು. ಬಿಟ್ಟು ಬಂದೆ.

ಮಗನಿಗೆ "ಮರಿ ಅಮ್ಮನ ಹತ್ತಿರ ತೋಟಕ್ಕೆ ಹೋಯಿತು" ಅಂದೆ. ಅವನು ಸ್ಕೂಲಿಂದ ಬಂದ ತಕ್ಷಣ ದಿನಾ ಹಿತ್ತಲ ಬೇಲಿ ಹತ್ತಿರ ನಿಂತು "ಬಾ ಬಾ ಬಾ" ಅಂತ ಕರೆಯುತ್ತಿದ್ದ. ಅಂಗೈಯಲ್ಲಿ ಅಕ್ಕಿ ಹಿಡಿದುಕೊಂಡು. ಒಂಬತ್ತು ದಿನ ಕರೆದ. ಹತ್ತನೇ ದಿನ ನನಗೆ ತಡೆಯಲಾಗಲಿಲ್ಲ, ಪಕ್ಕ ಕೂರಿಸಿಕೊಂಡು ಹೇಳಿದೆ. ಅದಕ್ಕೆ ತುಂಬಾ ನೋವಿತ್ತು, ವಾಸಿಯಾಗುತ್ತಿರಲಿಲ್ಲ, ಡಾಕ್ಟರು ನೋವಾಗದ ಹಾಗೆ ಜೀವ ಹೋಗುವಂತೆ ಮಾಡಿದರು ಅಂತ. ಅತ್ತ. "ನನಗೆ ಟಾಟಾ ಹೇಳಕ್ಕೆ ಬಿಡಬೇಕಿತ್ತು" ಅಂದ. ಮರಿ ಸತ್ತದ್ದಕ್ಕಿಂತ ನಾನು ಹೇಳದೇ ಇದ್ದದ್ದು ಅವನಿಗೆ ಜಾಸ್ತಿ ತಟ್ಟಿತ್ತು.

ಮನೆಯಲ್ಲಿ ಮಕ್ಕಳಿದ್ದರೆ ನೋಡಿಸಬೇಕಾಗಿಲ್ಲ. ಆದರೆ ಹೇಳಿ. ಸತ್ತು ಹೋಯಿತು ಅನ್ನುವ ಮಾತನ್ನೇ ಹೇಳಿ. ಓಡಿಹೋಯಿತು ಅಂದರೆ ಮಗು ಕಾಯುತ್ತಲೇ ಇರುತ್ತದೆ.

ಮೂಡಿಗೆರೆ ಮೊಮ್ಮಗ | ಸೋಮವಾರ ರಾತ್ರಿ 9.00

ಅಜ್ಜಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರಿಗೆ ಎಂಬತ್ತರ ಹತ್ತಿರ. ತೋಟದ ಮನೆಯಲ್ಲಿ ಅರವತ್ತು ವರ್ಷ ಕೋಳಿ ಸಾಕಿದವರು. ಕೊಕ್ಕರೆ ರೋಗ ಬಂದು ಒಂದೇ ವಾರದಲ್ಲಿ ಹಟ್ಟಿಯ ಕೋಳಿಯೆಲ್ಲ ಹೋದದ್ದನ್ನು ಎರಡು ಸಲ ಕಂಡಿದ್ದಾರೆ. ಲಸಿಕೆ ಗೊತ್ತಿಲ್ಲದ ಕಾಲ.

ಅವರು ಮಾಡುತ್ತಿದ್ದದ್ದು ಹೀಗಂತೆ. ಆಗದ ಮರಿಯನ್ನು ಮೊದಲು ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಳ್ಳುತ್ತಿದ್ದರು. ಕತ್ತಲಾದ ಹಾಗೆ ಆಗಿ, ಬೆಚ್ಚಗಾಗಿ ಮರಿ ಸುಮ್ಮನಾಗುತ್ತದೆ. ಕೂಗು ನಿಂತ ಮೇಲೆ ಅಜ್ಜನಿಗೆ ಕೊಡುತ್ತಿದ್ದರು. ಕೊಡುವಾಗ "ಹೋಗಿ ಬಾ ಮಗಾ" ಅನ್ನುತ್ತಿದ್ದರು. ಯಾರನ್ನು ಕಳಿಸುವಾಗಲೂ ನಾವು "ಹೋಗು" ಅನ್ನಲ್ಲ ಅಲ್ವಾ. ಹೂಳುತ್ತಿದ್ದದ್ದು ಹಲಸಿನ ಮರದ ಬುಡದಲ್ಲಿ. ಆ ಮರ ಈಗಲೂ ಇದೆ. ಅವತ್ತಿನ ಕೆಲಸ ಮಾತ್ರ ನಿಲ್ಲಿಸುತ್ತಿರಲಿಲ್ಲ, ಕಣ್ಣು ಒರೆಸಿಕೊಂಡು ಕಾಫಿ ಹಣ್ಣು ಬಿಡಿಸಲು ಹೋಗುತ್ತಿದ್ದರು.

ಹೆತ್ತೂರು ಅಕ್ಕನಿಗೆ ಏನು ಹೇಳಲಿ ಅಂತ ಅಜ್ಜಿಯನ್ನು ಕೇಳಿದೆ. "ಅತ್ತರೆ ಅಳಲಿ ಬಿಡು. ಮುಂದಿನ ಸಲ ಬಾವಿ ಹತ್ರ ಹೋಗೋದು ಬೇಡ, ಮಾವನ ಪಕ್ಕ ನಿಂತ್ಕೊಳ್ಳಲಿ ಅನ್ನು. ಆ ಮುದುಕನಿಗೂ ಒಬ್ಬನೇ ಮಾಡೋದು ಕಷ್ಟ" ಅಂದರು.

ಹೆತ್ತೂರು ಕಡೆಯವಳು | ಸೋಮವಾರ ರಾತ್ರಿ 10.15

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಟೀಚರ್, ನೀವು ಹೇಳಿದ ಹಾಗೆ ಊಟ ಮಾಡಿದೆ. ಕೊಪ್ಪದ ಅಕ್ಕ, ಬೇಜಾರಿಲ್ಲ, ನಿಮ್ಮ ಒಂಟಿ ಕಾಲಿನ ಕೋಳಿ ಕಣ್ಣಿಗೆ ಕಟ್ಟಿತು.

ಅಜ್ಜಿ ಹೇಳಿದ್ದು ಎದೆಗೆ ತಾಗಿತು. ಮಾವನ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ. ಇವತ್ತು ಸಂಜೆ ಕೇಳಿದೆ, "ಮಾವ, ನಿನ್ನೆ ನಿಮಗೆ ಬೇಜಾರಾಯಿತಾ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕ ಮರಿ ಅಂದ್ರೆ ಕೈಗೆ ತೂಕನೇ ಸಿಗಲ್ಲ ಕಣಮ್ಮ, ಅದೇ ಬೇಜಾರು" ಅಂದರು. ಅವರು ನಿನ್ನೆ ಮಧ್ಯಾಹ್ನ ಮಲಗಿದ್ದು ನನಗೆ ಈಗ ನೆನಪಾಯಿತು. ಯಾವತ್ತೂ ಹಗಲು ಮಲಗುವವರಲ್ಲ.

ಡಾಕ್ಟ್ರೇ, ನೀವು ಕಾಲು ಜಾರುವುದು ಅಂದದ್ದನ್ನು ಓದಿ ಓಡಿಹೋಗಿ ಮರಿಗಳನ್ನು ನೋಡಿದೆ. ಒಂದಕ್ಕೆ ಹಾಗೇ ಇದೆ! ಕೂತಿದೆ ಅಂದುಕೊಂಡಿದ್ದೆ. ಇವತ್ತಿಗೆ ಐದು ದಿನ. ತಡವಾಯಿತಾ?

ನಿವೃತ್ತ ಪಶುವೈದ್ಯ, ಹಾಸನ | ಸೋಮವಾರ ರಾತ್ರಿ 10.30

ತಡವೇ. ಆದರೂ ಕಟ್ಟಿ. ಈಗಲೇ ಕಟ್ಟಿ, ಬೆಳಗ್ಗೆವರೆಗೆ ಬೇಡ. ದಾರ ಚರ್ಮಕ್ಕೆ ಕೊರೆಯಬಾರದು, ದಿನಾ ಬಿಚ್ಚಿ ನೋಡಿ ಮತ್ತೆ ಕಟ್ಟಿ. ನೀರಿನ ತಟ್ಟೆಯಲ್ಲಿ ಸಣ್ಣ ಕಲ್ಲು ಹಾಕಿಡಿ, ಬಿದ್ದರೆ ಮುಳುಗಬಾರದು. ಬುಧವಾರಕ್ಕೆ ಏಳು ದಿನ, ಕೊಕ್ಕರೆ ರೋಗದ ಮೊದಲ ಲಸಿಕೆ ಮರೆಯಬೇಡಿ.

ಹೆತ್ತೂರು ಕಡೆಯವಳು | ಬುಧವಾರ ರಾತ್ರಿ 9.50

ನಿನ್ನೆ ಮಧ್ಯಾಹ್ನ ಮುಂಗುಸಿ ಬಂತು. ಹೇಂಟೆ ಕೂಗಿ ಹಾರಿ ಅಟ್ಟಿಸಿಕೊಂಡು ಹೋಗುವಷ್ಟರಲ್ಲಿ ಒಂದು ಮರಿಯನ್ನು ಎತ್ತಿಕೊಂಡು ಹೋಯಿತು. ಇನ್ನೊಂದನ್ನು ಕಚ್ಚಿ ಬಿಟ್ಟು ಹೋಗಿತ್ತು. ಕಂದು ಮರಿ, ಬೆನ್ನಿನ ಮೇಲೆ ಮೂರು ಗೆರೆ ಇರುವುದು. ಹಿಂದಿನ ಅರ್ಧ ಮೈ ಆಡುತ್ತಿರಲಿಲ್ಲ. ಮುಂದೆ ನುಚ್ಚು ಹಾಕಿದೆ. ಕಣ್ಣು ಹೋಗಲಿಲ್ಲ. ಇನ್ನೊಂದು ಸಲ ಹಾಕಿದೆ. ಹೋಗಲಿಲ್ಲ.

ಮಾವ ತೋಟದಲ್ಲಿದ್ದರು. ಕರೆದೆ. ಅವರು ಬರುವವರೆಗೆ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡೆ. ಅಜ್ಜಿ ಹೇಳಿದ್ದು ನಿಜ, ಸ್ವಲ್ಪ ಹೊತ್ತಿಗೆ ಕೂಗು ನಿಂತಿತು. ನನ್ನ ಎದೆಗೆ ಅದರ ಉಸಿರು ತಾಗುತ್ತಿತ್ತು. "ಹೋಗಿ ಬಾ" ಅಂತ ಹೇಳಿ ಕೊಟ್ಟೆ. ಬಾವಿ ಹತ್ತಿರ ಹೋಗಲಿಲ್ಲ. ಕೊಟ್ಟಿಗೆ ಹಿಂದೆ ಅವರ ಜೊತೆಗೇ ನಿಂತೆ. ಮುಖ ಬೇರೆ ಕಡೆ ತಿರುಗಿಸಿದ್ದೆ, ಅಷ್ಟೇ. ರೆಕ್ಕೆ ಬಡಿಯಿತು. ಕಡೂರಿನ ತಮ್ಮಾ, ನಿನ್ನಿಂದಾಗಿ ಅದೇನು ಅಂತ ಗೊತ್ತಿತ್ತು, ಹಾಗಾಗಿ ನಿಲ್ಲಲು ಆಯಿತು. ಡಾಕ್ಟ್ರು ಹೇಳಿದ ಹಾಗೆ ಕಣ್ಣು ಮುಟ್ಟಿ ನೋಡಿದ್ದು ನಾನೇ. ಗುಂಡಿ ನಾನು ತೋಡಿದೆ, ಮಾವ ಸುಣ್ಣ ಹಾಕಿದರು. ಕಚ್ಚಿದ ಹೊತ್ತಿನಿಂದ ಅರ್ಧ ಗಂಟೆಯೂ ಆಗಿರಲಿಲ್ಲ.

ಅತ್ತುಬಿಟ್ಟೆ. ರಾತ್ರಿಯೂ ಅತ್ತೆ. ಆದರೆ ಭಾನುವಾರದ ಹಾಗೆ ಎದೆಯೊಳಗೆ ಕೊರೆಯಲಿಲ್ಲ. ನಿದ್ದೆ ಬಂತು. ಇರುವೆಯ ಮರಿ ಮಾತ್ರ ಇನ್ನೂ ಕಣ್ಣ ಮುಂದೆ ಬರುತ್ತದೆ. ಅದು ಬರುತ್ತಲೇ ಇರುತ್ತದೆ ಅನ್ನಿಸುತ್ತದೆ.

ಕಾಲು ಕಟ್ಟಿದ ಮರಿ ಇನ್ನೂ ಓಲಾಡುತ್ತದೆ. ಆದರೆ ಇವತ್ತು ಗೋಣಿ ತಾಟಿನ ಮೇಲೆ ತಾನೇ ಎದ್ದು ನಾಲ್ಕು ಹೆಜ್ಜೆ ಹಾಕಿ ನುಚ್ಚಿಗೆ ಬಂತು. ನಾಲ್ಕನೇ ಹೆಜ್ಜೆಗೆ ಬಿತ್ತು, ಬಿದ್ದುಕೊಂಡೇ ತಿಂದಿತು.

ಲಸಿಕೆಯೂ ಆಯಿತು. ಪಶು ಆಸ್ಪತ್ರೆಯಿಂದ ಐಸ್ ಹಾಕಿದ ಫ್ಲಾಸ್ಕಿನಲ್ಲಿ ತಂದೆವು. ಒಂದು ಬಾಟಲಿ ನಮ್ಮ ಮರಿಗಳಿಗೆ ತುಂಬಾ ಜಾಸ್ತಿ, ಕಲೆಸಿದ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ. ಅದಕ್ಕೆ ಪಕ್ಕದ ಮನೆಗೆ ಹೇಳಿ ಕಳಿಸಿದ್ದೆ. ಅವರು ಮಳೆಯಲ್ಲೇ ಗೊರಬು ಹಾಕಿಕೊಂಡು ಮಂಕರಿ ತುಂಬಾ ಮರಿ ತಂದರು. ಅವರೊಂದೊಂದು ಹಿಡಿದು ಕೊಟ್ಟರು, ನಾನು ಕಣ್ಣಿಗೆ ಒಂದೊಂದು ಹನಿ ಬಿಟ್ಟೆ. ಕೊನೆಯ ಮರಿ ಕೊಡುವಾಗ ಕೇಳಿದರು, "ನಿನ್ನೆ ಒಂದು ಹೋಯ್ತಂತಲ್ಲ, ಯಾವುದು? ಆ ಮೂರು ಗೆರೆಯದ್ದಾ?" ಹೌದು ಅಂದೆ. ಆ ಮರಿಯನ್ನು ಅವರು ಗುರುತಿಟ್ಟುಕೊಂಡಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ.

ಸಂಜೆ ಮಂಕರಿ ಮುಚ್ಚುವಾಗ ಎಣಿಸಿದೆ. ಹನ್ನೆರಡು. ಮೇಲೆ ದಪ್ಪ ಕಲ್ಲು ಹೇರಿದ್ದೇನೆ.